ಸ್ಪೀಕರ್ ಬಿಟ್ಟದ್ದನ್ನು ಮೆದುಳು ತುಂಬುತ್ತದೆ: ಚೆನ್ನಾಗಿ ಕೇಳುವುದಕ್ಕೊಂದು ಮಾರ್ಗದರ್ಶಿ

ಫೋನಿನ ಸ್ಪೀಕರ್ ಬೆರಳ ತುದಿಯಷ್ಟೇ ಇರುತ್ತದೆ. 100 ಹರ್ಟ್ಸ್‌ನ ತಗ್ಗು ಸ್ವರವನ್ನು ಗಟ್ಟಿಯಾಗಿ ಹೊರಡಿಸುವುದು ಅದರ ಕೈಲಿ ಆಗುವುದಿಲ್ಲ. ಹರ್ಟ್ಸ್ ಅಂದರೆ ಸೆಕೆಂಡಿಗೆ ಎಷ್ಟು ಸಲ ಕಂಪನ ಅನ್ನುವ ಲೆಕ್ಕ. ಗಂಡಸರ ಮಾತಿನ ಮೂಲ ಕಂಪನ ಹೆಚ್ಚು ಕಡಿಮೆ ಅಲ್ಲೇ ಇದೆ, 100ರಿಂದ 150 ಹರ್ಟ್ಸ್ ಸುತ್ತಮುತ್ತ. ಆದರೂ ಫೋನಿನಲ್ಲಿ ಗಾಯಕನ ಧ್ವನಿ ಗಂಡುಧ್ವನಿಯಾಗಿಯೇ ಕೇಳುತ್ತದೆ. ಬೇಸ್ ಗಿಟಾರಿನ ಸ್ವರಗಳನ್ನೂ ಗುನುಗಬಹುದು. ಸ್ಪೀಕರಿನಿಂದ ಬಾರದ ಸ್ವರ ಎಲ್ಲಿಂದ ಬಂತು?

ಮೆದುಳಿನಿಂದ ಬಂತು. ಯಂತ್ರದ ಮೂಲಕ ಬರುವ ಸಂಗೀತದಲ್ಲಿ ಯಾವಾಗಲೂ ಏನೋ ಒಂದು ಕೊರತೆ ಇರುತ್ತದೆ. ಮೆದುಳು ಆ ಕೊರತೆಯಲ್ಲಿ ಎಷ್ಟನ್ನೋ ತಾನೇ ಸರಿಮಾಡಿ ನಮಗೆ ಕೇಳಿಸುತ್ತದೆ. ಕೆಲವು ತಪ್ಪುಗಳನ್ನು ಮಾತ್ರ ಅದು ಎಷ್ಟು ಪ್ರಯತ್ನಪಟ್ಟರೂ ಸರಿಮಾಡಲಾರದು. ಯಾವುದು ಯಾವ ಗುಂಪಿಗೆ ಸೇರಿದ್ದು ಅಂತ ಗೊತ್ತಾದರೆ ನಿಮ್ಮ ಸಮಯ, ಹಣ ಎರಡೂ ಉಳಿಯುತ್ತವೆ. ಮೆದುಳು ಹೇಗೂ ನೋಡಿಕೊಳ್ಳುವ ತಪ್ಪಿನ ಹಿಂದೆ ಬಿದ್ದು, ಅದು ಕೈಚೆಲ್ಲಿದ ತಪ್ಪನ್ನು ಹಾಗೇ ಬಿಡುವವರೇ ಜಾಸ್ತಿ ಅಂತ ನನಗನ್ನಿಸುತ್ತದೆ. ಈ ಲೇಖನ ಆ ವ್ಯತ್ಯಾಸವನ್ನು ನಿಮ್ಮ ಕಿವಿಗೇ ತೋರಿಸಿಕೊಡಲು ಬರೆದದ್ದು.

ಬೇಕಾಗುವ ಸಾಮಾನು ಕಡಿಮೆ. ಒಂದು ಫೋನ್, ಒಂದು ಜೊತೆ ಇಯರ್‌ಫೋನ್, ಸಾಧ್ಯವಾದರೆ ಎರಡು ಸ್ಪೀಕರ್, ಅಳತೆ ಟೇಪು. ಬೇಕಾದ ಹರ್ಟ್ಸ್‌ನ ಸ್ವರ ನುಡಿಸುವ ಟೋನ್ ಜನರೇಟರ್ ಆ್ಯಪ್ ಒಂದು ಬೇಕು, ಉಚಿತವಾಗಿ ಸಿಗುತ್ತದೆ. ಕಂಪ್ಯೂಟರ್ ಇದ್ದರೆ ಆಡಾಸಿಟಿ ಅನ್ನುವ ಉಚಿತ ಸಾಫ್ಟ್‌ವೇರ್ ಹಾಕಿಕೊಳ್ಳಿ. ಕೊನೆಯ ಭಾಗದ ಪರೀಕ್ಷೆಗೆ ಒಬ್ಬ ಸ್ನೇಹಿತರೂ ಬೇಕು.

ಹೆಜ್ಜೆ 1: ಇಲ್ಲದ ಸ್ವರವನ್ನು ಕೇಳಿ ನೋಡಿ

ಟೋನ್ ಜನರೇಟರಿನಲ್ಲಿ 100 ಹರ್ಟ್ಸ್ ಇಟ್ಟು ಫೋನಿನ ಸ್ಪೀಕರಿನಲ್ಲೇ ನುಡಿಸಿ. ಏನೂ ಕೇಳಿಸದೆ ಇರಬಹುದು, ಇಲ್ಲವೇ ಸಣ್ಣಗೆ ಗುಂಯ್ ಅನ್ನಬಹುದು. ನಿಧಾನವಾಗಿ ಮೇಲಕ್ಕೆ ಏರಿಸುತ್ತಾ ಹೋಗಿ. ಒಂದು ಕಡೆಯಿಂದ ಸ್ವರ ಗಟ್ಟಿಯಾಗಿ ಕೇಳತೊಡಗುತ್ತದೆ. ಆ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ. ನಿಮ್ಮ ಫೋನಿನ ನಿಜವಾದ ಕೆಳಗಿನ ಮಿತಿ ಅದೇ. ಈಗ ಬೇಸ್ ಗಿಟಾರ್ ಸ್ಪಷ್ಟವಾಗಿರುವ ಒಂದು ಹಾಡು ಹಾಕಿ, ಅದರ ಸಾಲನ್ನು ಜೊತೆಯಲ್ಲಿ ಗುನುಗಿ. ಆಗುತ್ತದೆ, ಅಲ್ವಾ? ಬೇಸ್ ಗಿಟಾರಿನ ಅತ್ಯಂತ ತಗ್ಗಿನ ತಂತಿಯ ಕಂಪನ ಸುಮಾರು 41 ಹರ್ಟ್ಸ್. ನಿಮ್ಮ ಫೋನ್ ಅದರ ಹತ್ತಿರಕ್ಕೂ ಹೋಗುವುದಿಲ್ಲ.

ಇದು ಹೇಗೆ ಸಾಧ್ಯ? ಒಂದು ತಂತಿ 100 ಹರ್ಟ್ಸ್‌ನಲ್ಲಿ ಕಂಪಿಸಿದಾಗ ಅದರ ಜೊತೆಗೆ 200, 300, 400, 500 ಹರ್ಟ್ಸ್‌ಗಳೂ ಏಳುತ್ತವೆ. ಇವಕ್ಕೆ ಹಾರ್ಮೋನಿಕ್ ಅಂತ ಹೆಸರು. ಮೊದಲಿನ 100 ಅನ್ನು ಕತ್ತರಿಸಿ ಹಾಕಿದರೂ ಉಳಿದವುಗಳ ನಡುವಿನ ಅಂತರ 100 ಆಗಿಯೇ ಇರುತ್ತದೆ. ಮೆದುಳು ಆ ಕ್ರಮವನ್ನು ಹಿಡಿದು, ಇದರ ಬುಡ 100 ಅಂತ ತೀರ್ಮಾನಿಸಿ, ಅದೇ ಶ್ರುತಿಯನ್ನು ಕೇಳಿಸುತ್ತದೆ. ಜರ್ಮನಿಯ ಆಗಸ್ಟ್ ಸೀಬೆಕ್ 1840ರ ದಶಕದಲ್ಲೇ ಸೈರನ್ ಬಳಸಿ ಇದನ್ನು ಗಮನಿಸಿದ್ದ. 1930ರ ದಶಕದ ಕೊನೆಯಲ್ಲಿ ನೆದರ್ಲೆಂಡ್ಸ್‌ನ ಯಾನ್ ಸ್ಕೌಟನ್ ಇದನ್ನು ಇನ್ನಷ್ಟು ಆಳವಾಗಿ ಪರೀಕ್ಷಿಸಿದರು. ಹಳೆಯ ಟೆಲಿಫೋನ್ ವ್ಯವಸ್ಥೆ 300ರಿಂದ 3400 ಹರ್ಟ್ಸ್ ಮಾತ್ರ ದಾಟಿಸುತ್ತಿತ್ತು. ಹಾಗಿದ್ದೂ ದಶಕಗಳ ಕಾಲ ಜನ ಮಾತಾಡಿದವರ ಗುರುತು ಹಿಡಿದರು. ಅದಕ್ಕೆ ಒಂದು ಮುಖ್ಯ ಕಾರಣ ಇದೇ.

ಇದರಿಂದ ಎರಡು ಕೆಲಸಕ್ಕೆ ಬರುವ ಮಾತು ಹೊರಡುತ್ತವೆ. ಚಿಕ್ಕ ಸ್ಪೀಕರಿಗೆ ಈಕ್ವಲೈಜರಿನಲ್ಲಿ (ತಗ್ಗು, ಮೇಲು ಸ್ವರಗಳನ್ನು ಬೇರೆ ಬೇರೆಯಾಗಿ ಏರಿಸಿ ಇಳಿಸುವ ಸೌಲಭ್ಯ) 60 ಹರ್ಟ್ಸ್ ಏರಿಸಬೇಡಿ. ಅದು ನುಡಿಸಲಾಗದ್ದನ್ನು ನುಡಿಸಲು ಹೋಗಿ ಒಡೆದ ಸದ್ದು ಮಾಡುತ್ತದೆ. ಮೇಲೆ ಬರೆದಿಟ್ಟುಕೊಂಡ ಮಿತಿಗಿಂತ ಸ್ವಲ್ಪ ಮೇಲಿನ ಭಾಗವನ್ನು ಒಂದೆರಡು ಡೆಸಿಬೆಲ್ (ಧ್ವನಿಯ ಜೋರಿನ ಅಳತೆ) ಏರಿಸಿ. ಹಾರ್ಮೋನಿಕ್‌ಗಳು ಅಲ್ಲಿವೆ, ಮೆದುಳಿಗೆ ಬೇಕಾದ ಸುಳಿವು ಸಿಗುತ್ತದೆ. ಎರಡನೆಯದು, ಮೆದುಳು ಕೊಡುವುದು ಶ್ರುತಿಯನ್ನು ಮಾತ್ರ. ಎದೆಗೆ ತಾಗುವ ಆ ಭಾರ ಗಾಳಿಯ ನಿಜವಾದ ಚಲನೆಯಿಂದಲೇ ಬರಬೇಕು. ಡ್ರಮ್ಮಿನ ಗುದ್ದು ಬೇಕೇಬೇಕು ಅನ್ನುವವರಿಗೆ ದೊಡ್ಡ ಸ್ಪೀಕರ್ ಬಿಟ್ಟು ಬೇರೆ ದಾರಿ ಇಲ್ಲ. ರಾಗ, ಸಾಹಿತ್ಯ ಮುಖ್ಯ ಅನ್ನುವವರಿಗೆ ಅಷ್ಟು ದೊಡ್ಡದು ಬೇಕಾಗಿಯೇ ಇಲ್ಲ.

ಹೆಜ್ಜೆ 2: ಹರಿದ ಜಾಗಕ್ಕೆ ಮೆದುಳು ಹೇಗೆ ತೇಪೆ ಹಾಕುತ್ತದೆ

ನನಗೆ ಈ ವಿಷಯದಲ್ಲಿ ಅತ್ಯಂತ ಬೆರಗು ಹುಟ್ಟಿಸುವ ಭಾಗ ಇದು. ಆಡಾಸಿಟಿಯಲ್ಲಿ ಒಂದು ಹಾಡು ತೆರೆಯಿರಿ. ಹಾಡುಗಾರಿಕೆ ಇರುವ ಅರ್ಧ ನಿಮಿಷದ ತುಣುಕು ಸಾಕು. ಸೆಕೆಂಡಿಗೆ ಒಂದೆರಡು ಕಡೆ, ಸೆಕೆಂಡಿನ ಹತ್ತನೇ ಒಂದು ಭಾಗದಷ್ಟು ಜಾಗವನ್ನು ಆಯ್ದು ಪೂರ್ತಿ ಮೌನ ಮಾಡಿ. ಕೇಳಿ. ಹಾಡು ತುಂಡು ತುಂಡಾಗಿ, ಹಿಂಸೆಯಾಗುವಂತೆ ಕೇಳುತ್ತದೆ. ಈಗ ಅದೇ ಜಾಗಗಳಲ್ಲಿ ಮೌನದ ಬದಲು ಹಾಡಿಗಿಂತ ಜೋರಾದ ಸುಯ್ ಅನ್ನುವ ಸದ್ದು ತುಂಬಿ. ಸಾಫ್ಟ್‌ವೇರಿನಲ್ಲಿ ಅದಕ್ಕೆ ವೈಟ್ ನಾಯ್ಸ್ ಅಂತಾರೆ. ಮತ್ತೆ ಕೇಳಿ.

ಹಾಡು ಕೂಡಿಕೊಂಡುಬಿಡುತ್ತದೆ! ಸದ್ದಿನ ಹಿಂದೆ ಗಾಯನ ನಿಲ್ಲದೆ ಸಾಗುತ್ತಿರುವಂತೆ ಕೇಳುತ್ತದೆ. ನೀವೇ ಕೈಯಾರೆ ಅಳಿಸಿದ ಭಾಗ ಅದು, ಅಲ್ಲಿ ಹಾಡಿಲ್ಲ ಅಂತ ನಿಮಗೆ ಗೊತ್ತು, ಆದರೂ ಕೇಳುತ್ತದೆ.

1970ರಲ್ಲಿ ಅಮೆರಿಕದ ಮನೋವಿಜ್ಞಾನಿ ರಿಚರ್ಡ್ ವಾರೆನ್ ಮಾತಿನ ಮೇಲೆ ಇದೇ ಪ್ರಯೋಗ ಮಾಡಿದ್ದರು. ಒಂದು ವಾಕ್ಯದ ನಡುವಿನ ಒಂದು ಅಕ್ಷರದ ಸದ್ದನ್ನು ಪೂರ್ತಿ ತೆಗೆದು ಅಲ್ಲಿ ಕೆಮ್ಮು ಸೇರಿಸಿದರು. ಕೇಳಿದ 20 ಜನರಲ್ಲಿ 19 ಮಂದಿ ಯಾವ ಅಕ್ಷರವೂ ಕಳೆದಿಲ್ಲ ಅಂದರು. ಕೆಮ್ಮು ಸರಿಯಾಗಿ ಎಲ್ಲಿ ಬಂತು ಅಂತಲೂ ಅವರಿಗೆ ಹೇಳಲಾಗಲಿಲ್ಲ. ಮೆದುಳಿನ ತರ್ಕ ಸರಳ. ಜೋರಾದ ಸದ್ದು ಬಂದರೆ ಅದರ ಹಿಂದೆ ಮೆಲ್ಲನೆಯ ಧ್ವನಿ ಮುಚ್ಚಿಹೋಗಿರಬಹುದು, ಹಾಗಾಗಿ ಅದು ಇದ್ದೇ ಇದೆ ಅಂತ ಭಾವಿಸುತ್ತದೆ. ಮೌನಕ್ಕೆ ಆ ಅವಕಾಶ ಇಲ್ಲ. ಮೌನದ ಹಿಂದೆ ಏನೂ ಅಡಗಿರಲಾರದು.

ಪರಿಚಿತ ಹಾಡಾದರೆ ಮೆದುಳು ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. 2005ರಲ್ಲಿ ಡೇವಿಡ್ ಕ್ರೇಮರ್ ಮತ್ತು ಸಂಗಡಿಗರು ಹಾಡುಗಳ ನಡುನಡುವೆ ಕೆಲವು ಸೆಕೆಂಡುಗಳ ಮೌನ ಇಟ್ಟು ಕೇಳುಗರ ಮೆದುಳನ್ನು ಸ್ಕ್ಯಾನ್ ಮಾಡಿದರು. ಗೊತ್ತಿರುವ ಹಾಡು ನಿಂತಾಗ, ಶಬ್ದವನ್ನು ಗ್ರಹಿಸುವ ಭಾಗ ಗೊತ್ತಿಲ್ಲದ ಹಾಡು ನಿಂತಾಗಿಗಿಂತ ಹೆಚ್ಚು ಚುರುಕಾಗಿತ್ತು. ಹಲವರು ಆ ಮೌನದಲ್ಲೂ ಹಾಡು ಮುಂದುವರಿದಂತೆ ಕೇಳಿತು ಅಂದರು.

ಹಳೆಯ ಕ್ಯಾಸೆಟ್ಟು, ರೆಕಾರ್ಡುಗಳನ್ನು ಕಂಪ್ಯೂಟರಿಗೆ ಇಳಿಸುವವರು ಇದನ್ನು ಚೆನ್ನಾಗಿ ನೆನಪಿಡಬೇಕು. ಒಂದೇ ಸಮ ಬರುವ ಸುಯ್ ಸದ್ದು ನೀವು ಅಂದುಕೊಂಡಷ್ಟು ಕೆಟ್ಟದ್ದಲ್ಲ. ಕೆಲವು ನಿಮಿಷಗಳಲ್ಲಿ ಮೆದುಳು ಅದನ್ನು ಹಿಂದಕ್ಕೆ ತಳ್ಳುತ್ತದೆ. ಅದನ್ನು ತೆಗೆಯಲು ನಾಯ್ಸ್ ರಿಡಕ್ಷನ್ ಜಾಸ್ತಿ ಹಾಕಿದರೆ ಅದರ ಜೊತೆಗೆ ತಂತಿಯ ಮಿನುಗು, ಗಾಯಕರ ಉಸಿರು, ಸ್ವರ ಕರಗುವ ಕೊನೆ ಎಲ್ಲವೂ ಹೋಗುತ್ತವೆ. ಉಳಿಯುವುದು ನೀರಿನೊಳಗಿಂದ ಬಂದಂಥ, ಗುಳುಗುಳು ಅನ್ನುವ ಧ್ವನಿ. ಅದಕ್ಕೆ ಮೆದುಳು ಒಗ್ಗುವುದಿಲ್ಲ, ಯಾಕೆಂದರೆ ಅದು ಕ್ಷಣ ಕ್ಷಣಕ್ಕೂ ಬದಲಾಗುತ್ತದೆ. ಆದ್ದರಿಂದ ಹೀಗೆ ಮಾಡಿ. ಮೊದಲು ಏನೂ ತಿದ್ದದ ಪ್ರತಿಯನ್ನು ಬೇರೆ ಇಡಿ. ಚಟ್ ಅನ್ನುವ ದೊಡ್ಡ ಸದ್ದುಗಳನ್ನು ಒಂದೊಂದಾಗಿ ತೆಗೆಯಿರಿ. ಸುಯ್ ಸದ್ದನ್ನು 6 ಡೆಸಿಬೆಲ್ ಆಸುಪಾಸು ಇಳಿಸಿ ನಿಲ್ಲಿಸಿ. ಟೇಪು ಕೆಟ್ಟು ಒಂದು ಕ್ಷಣ ಧ್ವನಿ ಹೋಗಿರುವ ಜಾಗ ಇದ್ದರೆ ಅಲ್ಲಿ ಬರಿ ಮೌನ ಬಿಡಬೇಡಿ. ಅದೇ ಟೇಪಿನ ಖಾಲಿ ಭಾಗದ ಸುಯ್ ಸದ್ದನ್ನು ನಕಲು ಮಾಡಿ ಅಲ್ಲಿಗೆ ಹಾಕಿ. ಕಿವಿಗೆ ತಾಗುವ ಪೆಟ್ಟು ಎಷ್ಟು ಕಡಿಮೆಯಾಗುತ್ತದೆ ಅಂತ ನೀವೇ ಕೇಳಬಹುದು.

ಬ್ಲೂಟೂತ್ ಇಯರ್‌ಫೋನಿನಲ್ಲಿ ಹಾಡು ಕತ್ತರಿಸಿ ಕತ್ತರಿಸಿ ಬಂದಾಗ ಅಷ್ಟೊಂದು ಕಿರಿಕಿರಿ ಯಾಕೆ ಅನ್ನುವುದಕ್ಕೂ ಇದೇ ಉತ್ತರ. ಅಲ್ಲಿ ಬರುವುದು ಬರಿ ಮೌನ. ಫೋನನ್ನು ಬೇರೆ ಜೇಬಿಗೆ ಹಾಕಿ ನೋಡಿ. ನಿಮ್ಮ ದೇಹವೇ ಆ ಸಿಗ್ನಲ್ಲಿಗೆ ಅಡ್ಡ ಬರುತ್ತಿರುವುದು ಸಾಮಾನ್ಯ.

ಹೆಜ್ಜೆ 3: ಕೋಣೆಯನ್ನು ಮೆದುಳು ಹೇಗೆ ಮರೆಸುತ್ತದೆ

ಫೋನಿನಲ್ಲಿ ರೆಕಾರ್ಡಿಂಗ್ ಶುರುಮಾಡಿ, ಮೂರು ಮೀಟರ್ ದೂರ ಇಡಿ. ನೀವಿದ್ದಲ್ಲಿಂದಲೇ ಸಹಜವಾಗಿ ಮಾತಾಡಿ. ಆಮೇಲೆ ಇಯರ್‌ಫೋನಿನಲ್ಲಿ ಕೇಳಿ. ಬಾವಿಯೊಳಗಿಂದ ಮಾತಾಡಿದ ಹಾಗಿರುತ್ತದೆ. ಆ ಪ್ರತಿಧ್ವನಿ ಕೋಣೆಯಲ್ಲಿ ಯಾವಾಗಲೂ ಇದೆ, ನಿಮಗೆ ಮಾತ್ರ ಕೇಳಿಸುತ್ತಿರಲಿಲ್ಲ. ಎರಡು ಕಿವಿಗಳಿಂದ ಬರುವ ಮಾಹಿತಿಯನ್ನು ಹೋಲಿಸಿ ಮೆದುಳು ಗೋಡೆಯಿಂದ ಮರಳಿ ಬಂದದ್ದನ್ನು ಅದುಮಿಡುತ್ತದೆ. ಫೋನಿನ ಮೈಕಿಗೆ ಆ ವಿದ್ಯೆ ಇಲ್ಲ. ಸದ್ದು ಗುಂಯ್‌ಗುಡುವ ಖಾಲಿ ಕೋಣೆಯಲ್ಲಿ ಒಂದು ಕಿವಿ ಮುಚ್ಚಿಕೊಂಡು ಯಾರಾದರೂ ಮಾತಾಡುವುದನ್ನು ಕೇಳಿ. ಪ್ರತಿಧ್ವನಿ ಥಟ್ಟನೆ ಜಾಸ್ತಿಯಾದಂತೆ ಅನ್ನಿಸುತ್ತದೆ.

ದಿಕ್ಕಿನ ವಿಷಯದಲ್ಲಿ ಮೆದುಳಿಗೆ ಒಂದು ಗಟ್ಟಿ ನಿಯಮ ಇದೆ. ಮೊದಲು ಬಂದ ಶಬ್ದ ಯಾವ ದಿಕ್ಕಿನದೋ ಅದೇ ನಿಜವಾದ ದಿಕ್ಕು. ಜರ್ಮನಿಯ ಹೆಲ್ಮುಟ್ ಹಾಸ್ 1949ರಲ್ಲಿ ಗಾಟಿಂಗೆನ್ ವಿಶ್ವವಿದ್ಯಾಲಯಕ್ಕೆ ಸಲ್ಲಿಸಿದ ಪ್ರಬಂಧದಲ್ಲಿ ಇದನ್ನು ಅಳೆದು ತೋರಿಸಿದರು. ಅದೇ ಶಬ್ದ ಸುಮಾರು 30 ಮಿಲಿಸೆಕೆಂಡಿನೊಳಗೆ (ಒಂದು ಮಿಲಿಸೆಕೆಂಡ್ ಅಂದರೆ ಸೆಕೆಂಡಿನ ಸಾವಿರದ ಒಂದು ಭಾಗ) ಇನ್ನೊಂದು ಕಡೆಯಿಂದ ಮತ್ತೆ ಬಂದರೆ, ಸ್ವಲ್ಪ ಜೋರಾಗಿದ್ದರೂ ಸರಿ, ಬೇರೆ ಶಬ್ದವಾಗಿ ಕೇಳುವುದಿಲ್ಲ. ಮೊದಲಿನದರ ಜೊತೆ ಬೆರೆತು ಅದನ್ನೇ ತುಂಬಿಕೊಡುತ್ತದೆ. ಹಾಗಾಗಿ ಮನೆಯ ಗೋಡೆಗಳಿಗೆಲ್ಲ ಫೋಮ್ ಅಂಟಿಸುವ ಅಗತ್ಯ ಬಹುತೇಕರಿಗೆ ಇಲ್ಲ. ಪುಸ್ತಕದ ಕಪಾಟು, ಪರದೆ, ನೆಲದ ಹಾಸು ಇದ್ದರೆ ಸಾಕು. ಉಳಿದದ್ದನ್ನು ಮೆದುಳು ನೋಡಿಕೊಳ್ಳುತ್ತದೆ.

ಎರಡು ಸ್ಪೀಕರಿನ ಸ್ಟೀರಿಯೋ ನಿಂತಿರುವುದೂ ಮೆದುಳಿನ ಇಂಥದ್ದೇ ಕೆಲಸದ ಮೇಲೆ. 1931ರಲ್ಲಿ ಬ್ರಿಟನ್ನಿನ ಎಂಜಿನಿಯರ್ ಅಲನ್ ಬ್ಲೂಮ್ಲೈನ್ ಇದಕ್ಕೆ ಪೇಟೆಂಟ್ ಅರ್ಜಿ ಹಾಕಿದರು. ಎರಡೂ ಸ್ಪೀಕರಿನಿಂದ ಒಂದೇ ಧ್ವನಿ ಸಮನಾಗಿ ಬಂದರೆ ಮೆದುಳು ಗಾಯಕರನ್ನು ಎರಡರ ಮಧ್ಯದಲ್ಲಿ ನಿಲ್ಲಿಸುತ್ತದೆ. ಅಲ್ಲಿ ಯಾವ ಸ್ಪೀಕರೂ ಇಲ್ಲ. ಆದರೆ ಈ ಲೆಕ್ಕ ತುಂಬ ಸೂಕ್ಷ್ಮ. ತಲೆಯ ಒಂದು ಬದಿಯಿಂದ ಬಂದ ಶಬ್ದ ಎರಡೂ ಕಿವಿ ತಲುಪುವ ನಡುವಿನ ಅಂತರ ಹೆಚ್ಚೆಂದರೆ ಸೆಕೆಂಡಿನ ಸಾವಿರದಲ್ಲಿ 0.7 ಭಾಗ. ಮೆದುಳು ದಿಕ್ಕು ಗುರುತಿಸುವುದು ಅಷ್ಟರೊಳಗಿನ ವ್ಯತ್ಯಾಸ ಹಿಡಿದು. ಒಂದು ಸ್ಪೀಕರ್ ಇನ್ನೊಂದಕ್ಕಿಂತ 30 ಸೆಂಟಿಮೀಟರ್ ಹತ್ತಿರ ಇದ್ದರೆ ಅದರ ಧ್ವನಿ 0.9 ಮಿಲಿಸೆಕೆಂಡಿನಷ್ಟು ಮೊದಲು ಬರುತ್ತದೆ. ಗಾಯಕರು ಸೀದಾ ಆ ಸ್ಪೀಕರಿಗೆ ಹೋಗಿಬಿಡುತ್ತಾರೆ.

ಅದಕ್ಕೇ ಅಳತೆ ಟೇಪು ಬೇಕು ಅಂದದ್ದು. ಎರಡು ಸ್ಪೀಕರ್ ಮತ್ತು ನಿಮ್ಮ ತಲೆ, ಮೂರರ ನಡುವೆಯೂ ಹೆಚ್ಚು ಕಡಿಮೆ ಒಂದೇ ಅಂತರ ಇರಲಿ. ಸ್ಪೀಕರ್ ಕಿವಿಯ ಎತ್ತರಕ್ಕೆ ಬರಲಿ. ತಲೆಯಿಂದ ಎರಡೂ ಸ್ಪೀಕರಿಗೆ ಟೇಪು ಹಿಡಿದು ಒಂದೆರಡು ಸೆಂಟಿಮೀಟರಿನೊಳಗೆ ಸರಿಮಾಡಿ. ಒಬ್ಬರೇ ಹಾಡುವ ಹಾಡು ಹಾಕಿ ಕಣ್ಣು ಮುಚ್ಚಿ, ಧ್ವನಿ ಎಲ್ಲಿಂದ ಬರುತ್ತಿದೆ ಅಂತ ಬೆರಳು ತೋರಿಸಿ. ಸರಿಯಾಗಿ ಮಧ್ಯಕ್ಕೆ ತೋರಿಸಿದರೆ ಮುಗಿಯಿತು. ಎಲ್ಲಿಂದ ಅಂತ ಹೇಳಲಾಗದಷ್ಟು ಹರಡಿಕೊಂಡು, ಬೇಸ್ ಕೂಡ ಸೊರಗಿದ್ದರೆ ಒಂದು ಸ್ಪೀಕರಿನ ಕೆಂಪು, ಕಪ್ಪು ತಂತಿಗಳು ಅದಲು ಬದಲಾಗಿವೆ. ಇದನ್ನು ಎಂಥ ಮೆದುಳೂ ಸರಿಮಾಡಲಾರದು. ತಂತಿ ಬಿಚ್ಚಿ ಸರಿಯಾಗಿ ಸಿಕ್ಕಿಸಬೇಕು, ಅಷ್ಟೇ.

ಹೆಜ್ಜೆ 4: ಒಗ್ಗಿಕೊಳ್ಳಲು ಸಮಯ ಕೊಡಿ, ಒಗ್ಗಿದ್ದನ್ನು ನಂಬಬೇಡಿ

ಹೊಸ ಹೆಡ್‌ಫೋನ್ ಮೊದಲ ದಿನ ವಿಚಿತ್ರವಾಗಿ ಕೇಳುತ್ತದೆ. ಕೆಲವು ದಿನ ಕಳೆದರೆ ಸರಿ ಅನ್ನಿಸುತ್ತದೆ. ಹೆಡ್‌ಫೋನ್ ಪಳಗಿತು ಅಂತ ಜನ ಹೇಳುತ್ತಾರೆ. ಬಹುಪಾಲು ಪಳಗಿದ್ದು ಕೇಳುವವರ ಮೆದುಳು ಅನ್ನುವುದು ನನ್ನ ನಂಬಿಕೆ. ಮೈಮೇಲಿನ ಬಟ್ಟೆಯ ಸ್ಪರ್ಶ ಸ್ವಲ್ಪ ಹೊತ್ತಿಗೆ ಮರೆತುಹೋಗುವ ಹಾಗೆ, ಬದಲಾಗದೆ ಉಳಿಯುವ ಧ್ವನಿಯ ಬಣ್ಣವನ್ನು ಮೆದುಳು ಲೆಕ್ಕದಿಂದ ಕಳೆದುಬಿಡುತ್ತದೆ.

ಈ ಒಗ್ಗುವಿಕೆ ಎಷ್ಟು ದೂರ ಹೋಗಬಲ್ಲದು ಅನ್ನುವುದಕ್ಕೆ 1998ರಲ್ಲಿ ನೆದರ್ಲೆಂಡ್ಸ್‌ನಲ್ಲಿ ನಡೆದ ಒಂದು ಪ್ರಯೋಗ ಸಾಕ್ಷಿ. ಪಾಲ್ ಹಾಫ್‌ಮನ್ ಮತ್ತು ಸಂಗಡಿಗರು ಕೆಲವರ ಹೊರಗಿವಿಯ ಮಡಿಕೆಗಳಿಗೆ ಅಚ್ಚು ಹಾಕಿ ಅದರ ಆಕಾರವನ್ನೇ ಬದಲಿಸಿದರು. ಶಬ್ದ ಮೇಲಿನಿಂದ ಬಂತೋ ಕೆಳಗಿನಿಂದ ಬಂತೋ ಅಂತ ಹೇಳುವ ಶಕ್ತಿ ಕೂಡಲೇ ಹಾಳಾಯಿತು. ಅಚ್ಚು ಹಾಕಿಕೊಂಡೇ ಓಡಾಡಿದ ಅವರಿಗೆ ಕೆಲವು ವಾರಗಳಲ್ಲಿ ಆ ಶಕ್ತಿ ಮರಳಿತು. ಅಚ್ಚು ತೆಗೆದಾಗ ಹಳೆಯ ಕಿವಿಯಲ್ಲೂ ಮೊದಲಿನಂತೆಯೇ ಕೇಳಿತು. ಅಂದರೆ ಮೆದುಳು ಎರಡು ಕಿವಿಗಳ ನಕ್ಷೆಯನ್ನು ಒಟ್ಟಿಗೆ ಇಟ್ಟುಕೊಂಡಿತ್ತು!

ಇದು ನಿಮಗೆ ಲಾಭವೂ ಹೌದು, ತೊಡಕೂ ಹೌದು. ಲಾಭ ಏನೆಂದರೆ, ಹೊಸ ಹೆಡ್‌ಫೋನನ್ನು ಮೊದಲ ಹತ್ತು ನಿಮಿಷದಲ್ಲೇ ತೀರ್ಮಾನಿಸಬೇಕಿಲ್ಲ. ಒಂದು ವಾರ ಅದರಲ್ಲೇ ಕೇಳಿ. ಆಗಲೂ ಚುಚ್ಚುತ್ತಿರುವುದು ಯಾವುದೋ ಅದು ನಿಜವಾದ ದೋಷ. ತೊಡಕು ಬರುವುದು ಈಕ್ವಲೈಜರ್ ತಿರುಗಿಸುವಾಗ. ಟ್ರೆಬಲ್ (ಮೇಲಿನ ಸ್ವರಗಳು) ಏರಿಸುತ್ತೀರಿ, ಐದು ನಿಮಿಷಕ್ಕೆ ಒಗ್ಗುತ್ತದೆ, ಸಾಲದು ಅನ್ನಿಸಿ ಇನ್ನೂ ಏರಿಸುತ್ತೀರಿ. ಮಾರನೆ ದಿನ ಕೇಳಿದರೆ ಕಿವಿ ಕೊರೆಯುತ್ತದೆ. ಆದ್ದರಿಂದ ಒಂದು ಬದಲಾವಣೆ ಮಾಡಿ, ನಿಲ್ಲಿಸಿ, ಎದ್ದು ಹೋಗಿ. ಮರಳಿ ಬಂದು ಮೊದಲ ಅರ್ಧ ನಿಮಿಷದಲ್ಲಿ ಏನನ್ನಿಸಿತೋ ಅದನ್ನು ಬರೆದಿಡಿ. ಆ ಅರ್ಧ ನಿಮಿಷದ ಮಾತಿಗೇ ಬೆಲೆ ಜಾಸ್ತಿ.

ಇನ್ನೊಂದು ವಿಷಯ. ಉಬ್ಬು ಮತ್ತು ತಗ್ಗು ಎರಡನ್ನೂ ಮೆದುಳು ಒಂದೇ ರೀತಿ ನೋಡುವುದಿಲ್ಲ. ಒಂದು ಜಾಗದಲ್ಲಿ ಧ್ವನಿ ಹೆಚ್ಚಾಗಿ ಉಬ್ಬಿದ್ದರೆ ಬೇಗ ಗೊತ್ತಾಗುತ್ತದೆ. ಅಷ್ಟೇ ಪ್ರಮಾಣದ ತಗ್ಗು ಇದ್ದರೆ ಬಹಳ ಸಲ ಗಮನಕ್ಕೇ ಬರುವುದಿಲ್ಲ. ಹಾಗಾಗಿ ಈಕ್ವಲೈಜರಿನಲ್ಲಿ ಉಬ್ಬುಗಳನ್ನು ಇಳಿಸಿ, ತಗ್ಗುಗಳನ್ನು ತುಂಬಲು ಹೋಗಬೇಡಿ.

ಹೆಜ್ಜೆ 5: ಮೆದುಳು ಕೈಚೆಲ್ಲುವ ತಪ್ಪುಗಳನ್ನು ಹುಡುಕಿ

ನೀವು ಕೈಯಿಂದಲೇ ಸರಿಮಾಡಬೇಕಾದ ತಪ್ಪುಗಳಲ್ಲಿ ದೊಡ್ಡದು ಕೋಣೆಯ ಬೇಸ್. 50 ಹರ್ಟ್ಸ್ ಅಲೆಯ ಉದ್ದ ಸುಮಾರು 7 ಮೀಟರ್. 4 ಮೀಟರ್ ಉದ್ದದ ಕೋಣೆಯಲ್ಲಿ 43 ಹರ್ಟ್ಸ್ ಹತ್ತಿರದ ಅಲೆ ಗೋಡೆಯಿಂದ ಗೋಡೆಗೆ ಬಡಿದು ನಿಂತುಬಿಡುತ್ತದೆ. ಗೋಡೆಯ ಪಕ್ಕದಲ್ಲಿ ಅದು ಜೋರು, ನಡುಮಧ್ಯದಲ್ಲಿ ಹೆಚ್ಚು ಕಡಿಮೆ ಇಲ್ಲವೇ ಇಲ್ಲ. ಅದು ಸ್ವರ ನಿಂತ ಮೇಲೂ ಗುಂಯ್‌ಗುಡುತ್ತಿರುತ್ತದೆ. ಮೊದಲು ಬಂದದ್ದು, ಆಮೇಲೆ ಬಂದದ್ದು ಅಂತ ಬಿಡಿಸಲು ಅಷ್ಟು ಉದ್ದದ ಅಲೆಯಲ್ಲಿ ಅವಕಾಶವೇ ಇಲ್ಲ. ಹಾಗಾಗಿ ಮೇಲೆ ಹೇಳಿದ ಹಾಸ್ ನಿಯಮ ಇಲ್ಲಿ ನೆರವಿಗೆ ಬರುವುದಿಲ್ಲ.

ದೊಡ್ಡ ಸ್ಪೀಕರ್ ಇದ್ದರೆ ಟೋನ್ ಜನರೇಟರಿನಲ್ಲಿ 40ರಿಂದ 120 ಹರ್ಟ್ಸ್‌ವರೆಗೆ ನಿಧಾನವಾಗಿ ಏರಿಸಿ. ವಾಲ್ಯೂಮ್ ಕಡಿಮೆಯೇ ಇರಲಿ. ಯಾವ ಸಂಖ್ಯೆಯಲ್ಲಿ ಧ್ವನಿ ಏಕಾಏಕಿ ಉಬ್ಬುತ್ತದೋ ಅಲ್ಲಿ ನಿಲ್ಲಿಸಿ, ಕೋಣೆಯೆಲ್ಲ ಓಡಾಡಿ. ಒಂದು ಕಡೆ ಜೋರು, ನಾಲ್ಕು ಹೆಜ್ಜೆ ಆಚೆ ನಿಶ್ಶಬ್ದ. ಇದನ್ನು ಒಮ್ಮೆ ಕೇಳಿದವರಿಗೆ ಕುರ್ಚಿಯ ಜಾಗ ಎಷ್ಟು ಮುಖ್ಯ ಅಂತ ಬೇರೆ ಹೇಳಬೇಕಿಲ್ಲ. ಕುರ್ಚಿಯನ್ನು ಹಿಂಗೋಡೆಯಿಂದ ಮುಂದಕ್ಕೆ ತನ್ನಿ. ಕೋಣೆಯ ಸರಿ ಮಧ್ಯದಲ್ಲೂ ಇಡಬೇಡಿ. ಸ್ಪೀಕರನ್ನು ಮೂಲೆಯಿಂದ ಹೊರಗೆಳೆಯಿರಿ. ಅರ್ಧ ಮೀಟರ್ ಸರಿಸಿದರೆ ಬರುವ ಬದಲಾವಣೆಯನ್ನು ದುಬಾರಿ ಕೇಬಲ್ ಎಂದೂ ತರಲಾರದು.

ವೇಗದ ಅಲುಗಾಟ ಇನ್ನೊಂದು. ಟೇಪು ಒಂದೇ ಸಮ 1 ಶೇಕಡಾ ಜೋರಾಗಿ ಓಡಿದರೆ ಹೆಚ್ಚಿನವರಿಗೆ ಗೊತ್ತೇ ಆಗುವುದಿಲ್ಲ. ಅರ್ಧ ಸ್ವರದ ಅಂತರ ಅಂದರೆ ಸುಮಾರು 6 ಶೇಕಡಾ, ಅದರ ಮುಂದೆ ಇದು ಸಣ್ಣದು. ಆದರೆ ವೇಗ ಸೆಕೆಂಡಿಗೆ ನಾಲ್ಕೈದು ಸಲ ಏರಿಳಿದರೆ, ಅದಕ್ಕಿಂತ ಎಷ್ಟೋ ಚಿಕ್ಕ ಅಲುಗಾಟವೂ ಕೊಳಲು, ಪಿಯಾನೋದ ಉದ್ದ ಸ್ವರಗಳನ್ನು ಕೆಡಿಸುತ್ತದೆ. ಕ್ಯಾಸೆಟ್ಟಿನ ಟೇಪು ಸೆಕೆಂಡಿಗೆ ಕೇವಲ 4.76 ಸೆಂಟಿಮೀಟರ್ ಓಡುತ್ತದೆ, ಚಿಕ್ಕ ತಡೆಯೂ ಅದಕ್ಕೆ ದೊಡ್ಡದು. ಬೆಲ್ಟ್ ಸಡಿಲವಾಗಿದ್ದರೆ ಬದಲಿಸಿ, ಟೇಪನ್ನು ಒತ್ತಿ ಹಿಡಿಯುವ ರಬ್ಬರ್ ಚಕ್ರವನ್ನು ಒರೆಸಿ. ಆಮೇಲಷ್ಟೇ ಕಂಪ್ಯೂಟರಿಗೆ ಇಳಿಸಿ.

ವಾಲ್ಯೂಮ್ ಮಿತಿ ಮೀರಿ ಅಲೆಯ ತಲೆ ಕತ್ತರಿಸಿ ಹೋಗುವ ಒಡಕು ಸದ್ದನ್ನೂ ಮೆದುಳು ಮನ್ನಿಸುವುದಿಲ್ಲ. ಪರಿಹಾರ ಸುಲಭ, ವಾಲ್ಯೂಮ್ ಇಳಿಸಿ.

ಮಾತಿಗೂ ಸಂಗೀತಕ್ಕೂ ಇರುವ ಒಂದು ವ್ಯತ್ಯಾಸವನ್ನು ಇಲ್ಲಿ ಹೇಳಲೇಬೇಕು. 1995ರಲ್ಲಿ ರಾಬರ್ಟ್ ಶ್ಯಾನನ್ ಮತ್ತು ಸಂಗಡಿಗರು ಮಾತನ್ನು ಬರೀ ಮೂರ್ನಾಲ್ಕು ಕಂಪನ ಪಟ್ಟಿಗಳ ಗೊರಗೊರ ಸದ್ದಾಗಿ ಮಾರ್ಪಡಿಸಿ ಕೇಳಿಸಿದರು. ಸ್ವಲ್ಪ ಅಭ್ಯಾಸದ ಮೇಲೆ ಜನ ಅದನ್ನು ಚೆನ್ನಾಗಿಯೇ ಅರ್ಥ ಮಾಡಿಕೊಂಡರು. ಸಂಗೀತಕ್ಕೆ ಅಷ್ಟು ಸಾಕಾಗುವುದಿಲ್ಲ. ಕಾಕ್ಲಿಯರ್ ಇಂಪ್ಲಾಂಟ್ (ಕಿವಿಯ ನರಕ್ಕೆ ನೇರವಾಗಿ ಸಂಕೇತ ಕಳಿಸುವ, ಒಳಗಿವಿಯಲ್ಲಿ ಕೂರಿಸುವ ಸಾಧನ) ಹಾಕಿಸಿಕೊಂಡ ಬಹಳ ಮಂದಿ ಮಾತನ್ನು ಸಲೀಸಾಗಿ ಹಿಡಿಯುತ್ತಾರೆ, ತಾಳವನ್ನೂ ಹಿಡಿಯುತ್ತಾರೆ, ರಾಗ ಮಾತ್ರ ಕೈಗೆ ಸಿಗುವುದಿಲ್ಲ. ಶ್ರುತಿ ತಿಳಿಯಲು ಬೇಕಾದ ಸೂಕ್ಷ್ಮ ವಿವರವೇ ಒಳಗೆ ಬರದಿದ್ದರೆ ಮೆದುಳಾದರೂ ಎಲ್ಲಿಂದ ತುಂಬೀತು? ಹಾಗಾಗಿ ಮಾತಿಗೆಂದೇ ಮಾಡಿದ ಉಪಕರಣವನ್ನು ಸಂಗೀತಕ್ಕೆ ಬಳಸಬೇಡಿ. ಬ್ಲೂಟೂತ್ ಇಯರ್‌ಫೋನ್ ಕರೆಯ ಮೋಡ್‌ಗೆ ಹೋದಾಗ ಹಾಡು ಕೆಡುವುದನ್ನು ನೀವೂ ಕೇಳಿರಬಹುದು. ಮೈಕ್ ಬಳಸುವ ಆ್ಯಪನ್ನು ಮುಚ್ಚಿದರೆ ಅದು ಸಾಮಾನ್ಯವಾಗಿ ಸರಿಹೋಗುತ್ತದೆ.

ಹೆಜ್ಜೆ 6: ಕಣ್ಣು ಮುಚ್ಚಿ ಹೋಲಿಸಿ

ಮೆದುಳು ಇಷ್ಟೆಲ್ಲ ತಿದ್ದುತ್ತದೆ ಅಂದಮೇಲೆ ನಿರೀಕ್ಷೆಯನ್ನೂ ಅದು ಧ್ವನಿಯೊಳಗೆ ಬೆರೆಸುತ್ತದೆ. 1915ರಿಂದ ಸುಮಾರು 10 ವರ್ಷ ಎಡಿಸನ್ ಕಂಪನಿ ಅಮೆರಿಕದ ಊರೂರಲ್ಲಿ ಒಂದು ಪ್ರದರ್ಶನ ನಡೆಸಿತು. ವೇದಿಕೆಯ ಮೇಲೆ ಗಾಯಕಿ, ಪಕ್ಕದಲ್ಲಿ ಅವರದೇ ಹಾಡಿನ ರೆಕಾರ್ಡು ನುಡಿಸುವ ಫೋನೋಗ್ರಾಫ್ ಯಂತ್ರ. ಗಾಯಕಿ ನಡುವೆ ಹಾಡು ನಿಲ್ಲಿಸಿದರೂ ಯಂತ್ರ ಮುಂದುವರಿಸುತ್ತಿತ್ತು. ವ್ಯತ್ಯಾಸ ಗೊತ್ತಾಗಲಿಲ್ಲ ಅಂತ ಸಭಿಕರು ಹೇಳಿದ ವರದಿಗಳಿವೆ. ಇಂದು ಆ ಯಂತ್ರ ಕೇಳಿದರೆ ಯಾರೂ ಹಾಗೆ ಹೇಳಲಾರರು. ಗಾಯಕರು ತಮ್ಮ ಧ್ವನಿಯನ್ನು ಯಂತ್ರಕ್ಕೆ ಹೊಂದಿಸಿಕೊಂಡು ಹಾಡಿದ್ದೂ ಅದಕ್ಕೆ ಒಂದು ಕಾರಣ. ಅದಕ್ಕಿಂತ ಉತ್ತಮವಾದ ಯಂತ್ರವನ್ನು ಜನ ಕೇಳಿರಲೇ ಇಲ್ಲ ಅನ್ನುವುದು ಇನ್ನೊಂದು.

1994ರಲ್ಲಿ ಸ್ಪೀಕರ್ ತಯಾರಿಸುವ ಹರ್ಮನ್ ಕಂಪನಿಯ ಫ್ಲಾಯ್ಡ್ ಟೂಲ್ ಮತ್ತು ಶಾನ್ ಆಲಿವ್ ಒಂದೇ ಸ್ಪೀಕರ್‌ಗಳನ್ನು ಎರಡು ರೀತಿಯಲ್ಲಿ ಕೇಳಿಸಿದರು. ಒಮ್ಮೆ ಪರದೆಯ ಹಿಂದೆ, ಒಮ್ಮೆ ಕಣ್ಣೆದುರಿಗೆ. ಕಣ್ಣಿಗೆ ಕಂಡಾಗ ಅಂಕಗಳು ಬದಲಾದವು. ಚಿಕ್ಕದಾದ, ಅಗ್ಗದ ಸ್ಪೀಕರಿಗೆ ಅಂಕ ಇಳಿಯಿತು. ಕೇಳಿದವರು ಧ್ವನಿಯ ಕೆಲಸದಲ್ಲೇ ಇದ್ದ ಅದೇ ಕಂಪನಿಯವರು. ಅನುಭವ ಇದ್ದರೂ ಕಣ್ಣು ಮೋಸ ಮಾಡುತ್ತದೆ.

ಮನೆಯಲ್ಲಿ ಹೋಲಿಸುವಾಗ ಮೊದಲು ವಾಲ್ಯೂಮ್ ಸಮ ಮಾಡಿ. ಇದನ್ನು ಬಿಟ್ಟರೆ ಉಳಿದ ಶ್ರಮವೆಲ್ಲ ವ್ಯರ್ಥ. ಕಿವಿ ಎಲ್ಲ ಸ್ವರಗಳನ್ನೂ ಸಮನಾಗಿ ಕೇಳುವುದಿಲ್ಲ ಅಂತ ಅಮೆರಿಕದ ಟೆಲಿಫೋನ್ ಸಂಶೋಧನಾಲಯ ಬೆಲ್ ಲ್ಯಾಬ್ಸ್‌ನ ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ತೋರಿಸಿದ್ದಾರೆ. 1000 ಹರ್ಟ್ಸ್‌ನ ಸ್ವರ 40 ಡೆಸಿಬೆಲ್‌ನಲ್ಲಿ ಎಷ್ಟು ಜೋರು ಅನ್ನಿಸುತ್ತದೋ, 100 ಹರ್ಟ್ಸ್‌ನ ಸ್ವರ ಅಷ್ಟೇ ಜೋರು ಅನ್ನಿಸಲು ಸುಮಾರು 64 ಡೆಸಿಬೆಲ್ ಬೇಕು. ವಾಲ್ಯೂಮ್ ಸ್ವಲ್ಪ ಏರಿದರೂ ಬೇಸ್ ತುಂಬಿಕೊಂಡು, ಎಲ್ಲವೂ ಹೆಚ್ಚು ಜೀವಂತ ಅನ್ನಿಸುತ್ತದೆ. ಅರ್ಧ ಡೆಸಿಬೆಲ್ ಜೋರಾಗಿರುವುದು ಜೋರು ಅಂತ ಅನ್ನಿಸುವುದಿಲ್ಲ, ಚೆನ್ನಾಗಿದೆ ಅಂತ ಅನ್ನಿಸುತ್ತದೆ. ಎರಡು ಫೈಲ್‌ಗಳನ್ನು ಹೋಲಿಸುವುದಾದರೆ ಆಡಾಸಿಟಿಯಲ್ಲೇ ಎರಡರ ಮಟ್ಟ ಒಂದೇ ಮಾಡಿ. ಸ್ಪೀಕರ್‌ಗಳಾದರೆ ಫೋನಿನ ಡೆಸಿಬೆಲ್ ಮೀಟರ್ ಆ್ಯಪನ್ನು ಒಂದೇ ಜಾಗದಲ್ಲಿಟ್ಟು ಅಳೆಯಿರಿ.

ಆಮೇಲೆ ಸ್ನೇಹಿತರನ್ನು ಕರೆಯಿರಿ. ಅವರು ನಿಮಗೆ ಕಾಣದ ಹಾಗೆ ನಾಣ್ಯ ಚಿಮ್ಮಿ, ಬಿದ್ದದ್ದಕ್ಕೆ ತಕ್ಕಂತೆ ಎರಡರಲ್ಲಿ ಒಂದನ್ನು ಹಾಕಲಿ. ತುಣುಕು ಹದಿನೈದು ಇಪ್ಪತ್ತು ಸೆಕೆಂಡು ಇರಲಿ, ನಡುವೆ ತಡ ಬೇಡ. ಧ್ವನಿಯ ಸೂಕ್ಷ್ಮ ವಿವರದ ನೆನಪು ಕೆಲವೇ ಸೆಕೆಂಡು ಉಳಿಯುತ್ತದೆ. ನೀವು ಯಾವುದು ಅಂತ ಹೇಳಿ, ಅವರು ಸುಮ್ನೆ ಬರೆದುಕೊಳ್ಳಲಿ. 16 ಸಲ ಮಾಡಿ. ಬರೀ ಊಹೆಯಿಂದ 12 ಅಥವಾ ಅದಕ್ಕಿಂತ ಜಾಸ್ತಿ ಸರಿಯಾಗುವ ಸಾಧ್ಯತೆ 100ರಲ್ಲಿ ಸುಮಾರು 4. ಹಾಗಾಗಿ 12 ಅಥವಾ ಜಾಸ್ತಿ ಸರಿಯಾದರೆ ವ್ಯತ್ಯಾಸ ನಿಮಗೆ ಕೇಳುತ್ತಿದೆ ಅನ್ನಬಹುದು. ಒಂದೇ ಹಾಡಿನ 320 ಮತ್ತು 128 ಕೆಬಿಪಿಎಸ್ (ಸೆಕೆಂಡಿಗೆ ಎಷ್ಟು ಮಾಹಿತಿ ಅನ್ನುವ ಅಳತೆ) ಎಂಪಿ3ಗಳ ಮೇಲೆ ಮಾಡಿ ನೋಡಿ. ಜೋರು ಶಬ್ದದ ಹತ್ತಿರ ಇರುವ ಮೆಲ್ಲನೆಯ ಶಬ್ದವನ್ನು ಕಿವಿ ಕೇಳುವುದಿಲ್ಲ. ಎಂಪಿ3 ಆ ಭಾಗವನ್ನೇ ಆರಿಸಿ ಎಸೆಯುತ್ತದೆ. ಗೊತ್ತಾಗಬೇಕಾದರೆ ಚಪ್ಪಾಳೆ, ತಬಲದ ತೀಕ್ಷ್ಣ ಪೆಟ್ಟು, ತಾಳದ ಬಿಲ್ಲೆ ಇಂಥವುಗಳನ್ನು ಆರಿಸಿಕೊಳ್ಳಿ. ಪೆಟ್ಟಿನ ಮೊದಲು ಸಣ್ಣ ಹರಡುವಿಕೆ ಕೇಳಬಹುದು.

ಒಂದು ಎಚ್ಚರಿಕೆ. ಇಂಥ ದೋಷಗಳನ್ನು ಒಮ್ಮೆ ಹಿಡಿಯಲು ಕಲಿತರೆ ಮತ್ತೆ ಮರೆಯುವುದು ಕಷ್ಟ. ಪರೀಕ್ಷೆಯ ದಿನ ಬೇರೆ, ಹಾಡು ಕೇಳುವ ದಿನ ಬೇರೆ ಇರಲಿ. ನಿಮಗೆ ತುಂಬ ಪ್ರೀತಿಯ ಹಾಡನ್ನು ಪರೀಕ್ಷೆಗೆ ಬಳಸಬೇಡಿ.

ಹೆಜ್ಜೆ 7: ಮೆದುಳಿಗೆ ಆಯಾಸ ಮಾಡಬೇಡಿ

ತಿದ್ದುವ ಕೆಲಸ ಪುಕ್ಕಟೆ ಅಲ್ಲ. ಕೆಟ್ಟ ಧ್ವನಿಯನ್ನು ಗದ್ದಲದ ನಡುವೆ ಕೇಳಿದಾಗ ಮೆದುಳು ಹೆಚ್ಚು ದುಡಿಯಬೇಕು. ಅರ್ಧ ಗಂಟೆಗೇ ಸಾಕಪ್ಪಾ ಅನ್ನಿಸಿದರೆ ವಾಲ್ಯೂಮ್ ಏರಿಸಬೇಡಿ, ಗದ್ದಲ ತಗ್ಗಿಸಿ. ಕಿವಿಯೊಳಗೆ ಸರಿಯಾಗಿ ಕೂರುವ ರಬ್ಬರ್ ತುದಿಯ ಇಯರ್‌ಫೋನ್ ಹಾಕಿದರೆ ಹೊರಗಿನ ಸದ್ದು ಕಡಿಮೆಯಾಗುತ್ತದೆ, ಬೇಸ್ ಕೂಡ ಸೋರಿಹೋಗುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ವಾರಕ್ಕೆ 40 ಗಂಟೆ, 80 ಡೆಸಿಬೆಲ್. ಅದರ ಮೇಲೆ ಪ್ರತಿ 3 ಡೆಸಿಬೆಲ್‌ಗೆ ಸಮಯ ಅರ್ಧಕ್ಕೆ ಇಳಿಯುತ್ತದೆ. ಒಳಗಿವಿಯ ಕೂದಲಿನಂಥ ಜೀವಕೋಶಗಳು ಸತ್ತರೆ ಮತ್ತೆ ಬೆಳೆಯುವುದಿಲ್ಲ.

ಹೊಸ ಸಂಗೀತವನ್ನು ಮೊದಲ ಸಲ ನಿಮ್ಮಲ್ಲಿರುವ ಅತ್ಯುತ್ತಮ ಉಪಕರಣದಲ್ಲಿ ಕೇಳಿ. ಗೊತ್ತಿಲ್ಲದ ಹಾಡಿನಲ್ಲಿ ತುಂಬಲು ಮೆದುಳಿನ ಬಳಿ ನೆನಪಿಲ್ಲ. ಹತ್ತು ವರ್ಷದಿಂದ ಗೊತ್ತಿರುವ ಹಾಡಾದರೆ ಯಾವುದರಲ್ಲಿ ಕೇಳಿದರೂ ನಡೆಯುತ್ತದೆ.

ಶ್ರವಣ ಯಂತ್ರ ಬಳಸುವ ಹಿರಿಯರು ಮನೆಯಲ್ಲಿದ್ದರೆ ಅವರ ಪರವಾಗಿ ಒಂದು ಕೆಲಸ ಮಾಡಿ. ಆ ಯಂತ್ರಗಳನ್ನು ಮುಖ್ಯವಾಗಿ ಮಾತಿಗಾಗಿ ಹೊಂದಿಸಿರುತ್ತಾರೆ. ಒಂದೇ ಸಮ ನಿಲ್ಲುವ ಕೊಳಲಿನ ಸ್ವರವನ್ನು ಯಂತ್ರ ತನ್ನದೇ ಸಿಳ್ಳೆ ಅಂದುಕೊಂಡು ಅದುಮಲು ಹೋಗುತ್ತದೆ, ಆಗ ಸ್ವರ ನಡುಗುತ್ತದೆ. ಸಂಗೀತಕ್ಕೆ ಬೇರೆ ಪ್ರೋಗ್ರಾಂ ಹಾಕಿಕೊಡಿ ಅಂತ ಆಡಿಯಾಲಜಿಸ್ಟರನ್ನು (ಶ್ರವಣ ತಜ್ಞರನ್ನು) ಕೇಳಿ. ಬಹಳಷ್ಟು ಯಂತ್ರಗಳಲ್ಲಿ ಆ ಸೌಲಭ್ಯ ಇದೆ. ಹಾಕಿಸಿಕೊಂಡ ಮೊದಲ ದಿನಗಳಲ್ಲಿ ಧ್ವನಿ ತೀಕ್ಷ್ಣ, ತಗಡಿನ ಹಾಗೆ ಅಂತ ಅವರು ಹೇಳಿದರೆ ಕೂಡಲೇ ತೆಗೆದಿಡಲು ಬಿಡಬೇಡಿ. ಅವರಿಗೆ ಚೆನ್ನಾಗಿ ಗೊತ್ತಿರುವ ಹಾಡುಗಳನ್ನೇ, ವಾದ್ಯ ಕಡಿಮೆ ಇರುವಂಥದ್ದನ್ನು ಆರಿಸಿ, ದಿನಕ್ಕೆ ಸ್ವಲ್ಪ ಹೊತ್ತು ಕೇಳಿಸಿ. ಕೆಲವು ವಾರ ಕಳೆದ ಮೇಲೂ ತೊಂದರೆ ಉಳಿದರೆ ಯಾವ ಹಾಡಿನ ಯಾವ ಜಾಗದಲ್ಲಿ ಅಂತ ಗುರುತು ಹಾಕಿಕೊಂಡು, ಅದೇ ಹಾಡನ್ನು ಫೋನಿನಲ್ಲಿ ತುಂಬಿಕೊಂಡು ಆಡಿಯಾಲಜಿಸ್ಟರ ಬಳಿ ಹೋಗಿ.